ಪಾಲಿಅಮೈನ್‌ಗಳು ಹೂ ಬರಿಸುತ್ತವಾ, ಇಲ್ಲಾ ಸುಮ್ನೆ ಜೊತೆಗಿರುತ್ತವಾ?

ಮೊಗ್ಗುಮರಿ:
ಸೆಮಿನಾರ್‌ಗೆ ಈ ವಿಷಯ ಸಿಕ್ಕಿದೆ. ಪುಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್ ಎಂಬ ಪಾಲಿಅಮೈನ್‌ಗಳು (ಜೀವಕೋಶಗಳಲ್ಲಿರುವ, ನೈಟ್ರೋಜನ್ ಇರುವ ಸಣ್ಣ ಅಣುಗಳು) ಹೂವಿನಲ್ಲಿ ಜಾಸ್ತಿ ಇರುತ್ತವೆ ಅಂತ ಓದಿದ್ದರಲ್ಲೆಲ್ಲ ಇದೆ. ಇದ್ದರೆ ಏನಾಯ್ತು? ಮೊಗ್ಗಿನಲ್ಲಿ ಜೀವಕೋಶಗಳು ಬೇಗ ಬೇಗ ಹೆಚ್ಚುತ್ತವೆ, ಅಂಥ ಕಡೆ ಇವು ಹೇಗೂ ಜಾಸ್ತಿಯೇ ಅಲ್ವಾ? ಇವುಗಳಿಂದಲೇ ಹೂ ಆಗುತ್ತದೆ ಅನ್ನೋಕೆ ಗಟ್ಟಿ ಸಾಕ್ಷಿ ಏನಾದರೂ ಇದೆಯಾ?

ಬೇರುಚಿಗುರು:
ತಂಬಾಕಿನ ಪ್ರಯೋಗ ನೋಡಿ, 1988ರದ್ದು. ಹೂಗೊಂಚಲಿನ ದಂಟಿನಿಂದ ತೆಳು ಪದರ ಕೊಯ್ದು ತಟ್ಟೆಯಲ್ಲಿ ಬೆಳೆಸಿದರೆ, ಅದಕ್ಕೆ ಏನು ಉಣಿಸುತ್ತೀರಿ ಅನ್ನೋದರ ಮೇಲೆ ಹೂಮೊಗ್ಗೋ ಎಲೆಮೊಗ್ಗೋ ಬರುತ್ತದೆ. ಸ್ಪರ್ಮಿಡಿನ್ ತಯಾರಾಗದಂತೆ ತಡೆದಾಗ ಹೂಮೊಗ್ಗು ಕಡಿಮೆಯಾದವು. ಎಲೆಮೊಗ್ಗು ಬರಬೇಕಿದ್ದ ತಟ್ಟೆಗೆ ಸ್ಪರ್ಮಿಡಿನ್ ಹಾಕಿದರೆ ಹೂಮೊಗ್ಗೂ ಬಂದವು. ಹಾಗಂತ ಹಾರ್ಮೋನ್ ಅಂದುಬಿಡಬೇಡಿ. ಹಾರ್ಮೋನ್ ಚೂರೇ ಚೂರು ಇದ್ದರೆ ಸಾಕು, ಇವು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು.

ಹಳೇಮೈಕ್ರೋಸ್ಕೋಪ್:
ತಟ್ಟೆಯಲ್ಲಿ ಆದದ್ದೇ ಗಿಡದಲ್ಲೂ ಆಗುತ್ತದೆ ಅಂತ ನಾನಂತೂ ಒಪ್ಪುವುದಿಲ್ಲ. ಆ ತುಂಡು ಬಂದಿದ್ದೇ ಹೂಬಿಟ್ಟ ಗಿಡದಿಂದ! ನನ್ನ ಕೇಳಿದರೆ ಪರಾಗದ ಕಡೆಯಿಂದ ಹಿಡಿಯಿರಿ. ಪರಾಗಕೋಶದ ಒಳಗೋಡೆಯಲ್ಲಿ ಟಪೀಟಮ್ ಅನ್ನೋ ಪದರ ಇದೆ, ಬೆಳೆಯುವ ಪರಾಗಕ್ಕೆ ಊಟ ಹಾಕುವುದು ಅದೇ. ಸ್ಪರ್ಮಿಡಿನ್ ತಯಾರಾಗೋಕೆ ಎಸ್‌ಎಎಂ (ಎಸ್-ಅಡಿನೋಸಿಲ್‌ಮೆಥಿಯೋನಿನ್) ಎಂಬ ಅಣುವಿನ ಮೇಲೆ ಕೆಲಸ ಮಾಡುವ ಎಸ್‌ಎಎಂ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವ ಬೇಕು, ಟೊಮೆಟೊದಲ್ಲಿ ಅದರ ಜೀನನ್ನು ಆ ಪದರದಲ್ಲಿ ಮಾತ್ರ ಕೆಲಸ ಮಾಡದಂತೆ ತಡೆದರು. ಗಿಡ ಬೆಳೆಯಿತು, ಹೂವೂ ಬಿಟ್ಟಿತು, ಪರಾಗ ಮಾತ್ರ ಕೆಟ್ಟಿತು. ಬೇರೆ ಗಿಡದ ಪರಾಗ ತಂದು ಹಾಕಿದರೆ ಕಾಯಿ ಕಟ್ಟಿತು, ಅಂದರೆ ಹೆಣ್ಣು ಭಾಗಕ್ಕೆ ಏನೂ ಆಗಿರಲಿಲ್ಲ. ನೀವು ಕೇಳಿದ ಗಟ್ಟಿ ಸಾಕ್ಷಿ ಇದು.

ಇನ್ನೊಂದು, ಇದೇ ಟಪೀಟಮ್ ಸ್ಪರ್ಮಿಡಿನ್‌ಗೆ ಫೀನಾಲಿಕ್ ಆಮ್ಲಗಳನ್ನು ಅಂಟಿಸಿ ಪರಾಗದ ಮೇಲೆ ಬಳಿಯುತ್ತದೆ. ಆದ್ದರಿಂದ ಏನೂ ಅಂಟಿಕೊಳ್ಳದ ಬಿಡಿ ಪಾಲಿಅಮೈನ್ ಮಾತ್ರ ಅಳೆದಿದ್ದರೆ ಅದು ಅರ್ಧ ಲೆಕ್ಕ.

ಬೇರುಚಿಗುರು:
ಟೊಮೆಟೊ ಉದಾಹರಣೆ ಗಟ್ಟಿಯಾಗಿದೆ, ಒಪ್ಪಿದೆ. ಆದರೆ ಎಸ್‌ಎಎಂನಿಂದಲೇ ಎಥಿಲೀನ್ ಎಂಬ ಹಾರ್ಮೋನ್ ಕೂಡ ಆಗುತ್ತದಲ್ಲ? ಒಂದು ದಾರಿ ಮುಚ್ಚಿದರೆ ಸರಕು ಇನ್ನೊಂದು ಕಡೆ ಹರಿಯಬಹುದು. ಈ ಥರದ ಪೇಪರ್ ಓದುವಾಗ ಎಥಿಲೀನೂ ಅಳೆದಿದ್ದಾರಾ ಅಂತ ಮೊದಲು ನೋಡಿ.

ಮೊಗ್ಗುಮರಿ:
ಇಬ್ಬರಿಗೂ ಥ್ಯಾಂಕ್ಸ್. ಪ್ರಯೋಗಗಳಿಗೆ ಬಳಸುವ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಎಸಿಎಲ್5 ಜೀನ್ ಕೆಟ್ಟರೆ ಹೂದಂಟು ಗಿಡ್ಡವಾಗುತ್ತದಂತೆ, ಅದನ್ನೂ ಸೇರಿಸಲಾ?

ಹಳೇಮೈಕ್ರೋಸ್ಕೋಪ್:
ಬೇಡ. ಅದು ಸ್ಪರ್ಮಿನ್‌ನಂಥದೇ ಇನ್ನೊಂದು ಪಾಲಿಅಮೈನ್ ಆದ ಥರ್ಮೋಸ್ಪರ್ಮಿನ್ ತಯಾರಿಸುವ ಜೀನ್, ಅಲ್ಲಿ ಹದ ತಪ್ಪುವುದು ದಂಟಿನೊಳಗೆ ನೀರು ಸಾಗಿಸುವ ಕೊಳವೆಗಳದ್ದು. ಹಳೆ ಪೇಪರ್‌ಗಳಲ್ಲಿ ಸ್ಪರ್ಮಿನ್ ಅಂತಲೇ ಬರೆದಿದ್ದಾರೆ, ಎಷ್ಟೋ ಜನ ಇವತ್ತಿಗೂ ಹಾಗೇ ನಕಲು ಹೊಡೆಯುತ್ತಾರೆ.