ರೆಕ್ಟರಿಗಳ ಮುಂಭಾಗಕ್ಕೂ ಹಿಂಭಾಗಕ್ಕೂ ಹೊಂದಿಕೆಯಿಲ್ಲವೇಕೆ?

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳ ಹಳೆಯ ರೆಕ್ಟರಿಗಳ, ಅಂದರೆ ಪಾದ್ರಿಗಳ ನಿವಾಸಗಳ, ಮುಂಭಾಗವು ಅಳೆದಿಟ್ಟಂತೆ ಎಡಬಲ ಸಮನಾಗಿದ್ದು ಹಿಂಭಾಗವು ಅಂಕುಡೊಂಕಾಗಿರುವುದೇಕೆ? ಕೆಲವು ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿರುವುದು ತೆರಿಗೆ ತಪ್ಪಿಸಲೆಂದೇ?

ಉತ್ತರ 1: ಅನೇಕ ಕಡೆ ಮೂಲ ಮನೆ ಮರದ ಚೌಕಟ್ಟಿನದು, 18ನೇ ಶತಮಾನದಲ್ಲಿ ಅದನ್ನು ಕೆಡವದೆ, ಆಗ ರೂಢಿಯಲ್ಲಿದ್ದ, ಎಡಬಲ ಸಮನಾದ ಜಾರ್ಜಿಯನ್ ಶೈಲಿಯ ಇಟ್ಟಿಗೆಯ ಮುಖಗೋಡೆಯನ್ನೂ ಮೇಲೆ ಕೆಳಗೆ ಸರಿಯುವ ಸ್ಯಾಶ್ ಕಿಟಕಿಗಳನ್ನೂ ಸೇರಿಸಿದರು. ಹುದ್ದೆಯ ಆದಾಯವನ್ನು ಅಡವಿಟ್ಟು ಮನೆ ಕಟ್ಟಲು ಅಥವಾ ದುರಸ್ತಿ ಮಾಡಿಸಲು ಪಾದ್ರಿಗಳಿಗೆ 1776ರ ಗಿಲ್ಬರ್ಟ್ ಕಾಯ್ದೆಯೂ ಅವಕಾಶ ಕೊಟ್ಟಿತು.

ಉತ್ತರ 2: ಕಿಟಕಿ ತೆರಿಗೆ 1696ರಿಂದ 1851ರವರೆಗೆ ಇದ್ದದ್ದು ನಿಜ. ಆದರೆ ಎಲ್ಲ ಕುರುಡು, ಅಂದರೆ ಮುಚ್ಚಿದ, ಕಿಟಕಿಗಳಿಗೂ ಅದೇ ಕಾರಣವೆನ್ನುವುದು, ನನ್ನ ದೃಷ್ಟಿಯಲ್ಲಿ, ಅವಸರದ ತೀರ್ಮಾನ: ಒಳಗೆ ಹೊಗೆಗೂಡು ಇರುವಲ್ಲಿ ಹೊರಗಿನ ಸಮಮಿತಿ ಕೆಡದಿರಲೆಂದು ಮೊದಲೇ ಮುಚ್ಚಿ ಕಟ್ಟಿದವೂ ಇವೆ.

ಪ್ರಶ್ನೆ ಕೇಳಿದವರು: ಹಾಗಾದರೆ ಮುಚ್ಚಿದ ಭಾಗದ ಇಟ್ಟಿಗೆ ಸುತ್ತಲಿನ ಗೋಡೆಯೊಂದಿಗೆ ಬೆಸೆದಿದೆಯೇ, ಅಂದರೆ ಗೋಡೆಯ ಜೊತೆಗೇ ಕಟ್ಟಿದ್ದೇ ಅಥವಾ ಆಮೇಲೆ ಮುಚ್ಚಿದ್ದೇ, ಎಂಬುದನ್ನು ಮೊದಲು ನೋಡುತ್ತೇನೆ.