ಆಧಾರ −2ರಲ್ಲಿ 13 ಬರೆಯುವಾಗ ಅಂಕಿಯ ಜಾಗದಲ್ಲಿ −1 ಬರುತ್ತಿದೆ

ಪ್ರಶ್ನೆ
ನಮಸ್ಕಾರ. ಪೂರ್ಣಾಂಕಗಳನ್ನು ಆಧಾರ −2ಕ್ಕೆ (ಅಂಕಿಗಳು 0 ಮತ್ತು 1 ಮಾತ್ರ, ಸ್ಥಾನಬೆಲೆಗಳು ಬಲದಿಂದ 1, −2, 4, −8, 16 ಎಂದು ಸಾಗುವ ಪದ್ಧತಿಗೆ) ಪರಿವರ್ತಿಸುವ ಚಿಕ್ಕ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. ದ್ವಿಮಾನ ಪದ್ಧತಿಯಲ್ಲಿ ಮಾಡುವಂತೆಯೇ ಸಂಖ್ಯೆಯನ್ನು −2ರಿಂದ ಮತ್ತೆ ಮತ್ತೆ ಭಾಗಿಸಿ, ಭಾಗಲಬ್ಧ ಸೊನ್ನೆಯಾಗುವವರೆಗೆ ಸಿಕ್ಕ ಶೇಷಗಳನ್ನು ಕೊನೆಯಿಂದ ಮೊದಲಿಗೆ ಬರೆಯುತ್ತೇನೆ. 5ಕ್ಕೆ 101 ಎಂಬ ಸರಿಯಾದ ಉತ್ತರ ಬರುತ್ತದೆ. 13ಕ್ಕೆ ಮಾತ್ರ −1, 1, 0, 1 ಎಂದು ಬರುತ್ತಿದೆ. ಸ್ಥಾನಬೆಲೆಗಳನ್ನು ಹಾಕಿ ಕೂಡಿದರೆ 8 + 4 + 0 + 1, ಅಂದರೆ 13 ಸರಿಯಾಗಿಯೇ ಸಿಗುತ್ತದೆ ಎಂಬುದೇ ನನ್ನ ಗೊಂದಲವನ್ನು ಹೆಚ್ಚಿಸಿದೆ.

ಉತ್ತರ
ನಿಮ್ಮ ಲೆಕ್ಕ ತಪ್ಪಿಲ್ಲ, ಆದರೆ ಶೇಷ ಯಾವುದಿರಬೇಕು ಎಂಬುದನ್ನು ನೀವು ಭಾಷೆಯ ನಿರ್ಧಾರಕ್ಕೆ ಬಿಟ್ಟಿದ್ದೀರಿ. ಸಿ ಭಾಷೆಯ 1999ರ ಮಾನಕದ ಪ್ರಕಾರ ಪೂರ್ಣಾಂಕ ಭಾಗಾಕಾರದ ಫಲ ಸೊನ್ನೆಯ ಕಡೆಗೆ ಮೊಟಕಾಗುತ್ತದೆ. ಆದ್ದರಿಂದ ಶೇಷಕ್ಕೆ ಭಾಜ್ಯದ ಚಿಹ್ನೆಯೇ ಬರುತ್ತದೆ. 13ರ ಭಾಗಲಬ್ಧಗಳು −6, 3, −1 ಎಂದು ಸಾಗಿ, ಕೊನೆಯ −1 ಭಾಜ್ಯವಾದಾಗ ಶೇಷವೂ −1 ಆಗುತ್ತದೆ. 5ರ ದಾರಿಯಲ್ಲಿ ಋಣಾತ್ಮಕ ಬೆಸಸಂಖ್ಯೆ ಎದುರಾಗುವುದೇ ಇಲ್ಲವಾದ್ದರಿಂದ ದೋಷ ಅಡಗಿಕೊಂಡಿತ್ತು.

ಪರಿಹಾರ ಎರಡೇ ಸಾಲಿನದು: ಶೇಷ ಋಣಾತ್ಮಕವಾದರೆ ಅದಕ್ಕೆ 2 ಕೂಡಿಸಿ, ಭಾಗಲಬ್ಧಕ್ಕೆ 1 ಕೂಡಿಸಿ. ಭಾಗಲಬ್ಧ ಒಂದು ಹೆಚ್ಚಿದಾಗ −2ರೊಡನೆ ಅದರ ಗುಣಲಬ್ಧ ಎರಡು ಕಡಿಮೆಯಾಗುತ್ತದೆ, ಶೇಷಕ್ಕೆ ಸೇರಿಸಿದ ಎರಡು ಅದನ್ನು ತುಂಬಿಕೊಡುತ್ತದೆ. ಈಗ 13ಕ್ಕೆ 11101 ಬರಬೇಕು: 16 − 8 + 4 + 1.

ಪ್ರಶ್ನೆ ಕೇಳಿದವರು
ಧನ್ಯವಾದಗಳು, 13ಕ್ಕೆ 11101 ಹಾಗೂ −13ಕ್ಕೆ 110111 ಬಂದಿತು. ಇದನ್ನೇ ಪೈಥಾನ್‌ನಲ್ಲಿ, ತಿದ್ದುಪಡಿಯಿಲ್ಲದೆ, ಬರೆದು ನೋಡಿದಾಗ 13ರ ಮೊದಲ ಶೇಷವೇ −1 ಆಯಿತು. 0 ಕೊಟ್ಟರೆ ಏನೂ ಮುದ್ರಣವಾಗುವುದಿಲ್ಲ. ದೊಡ್ಡ ಸಂಖ್ಯೆಗಳ ಉತ್ತರವನ್ನು ಬೇಗ ಪರೀಕ್ಷಿಸುವ ಉಪಾಯವಿದೆಯೇ?

ಉತ್ತರ
ಪೈಥಾನ್‌ನಲ್ಲಿ ಶೇಷಕ್ಕೆ ಬರುವುದು ಭಾಜಕದ ಚಿಹ್ನೆ. ಭಾಜಕ −2 ಆಗಿರುವುದರಿಂದ ಪ್ರತಿ ಬೆಸಸಂಖ್ಯೆಗೂ −1 ಸಿಗುತ್ತದೆ. ಅದೇ ತಿದ್ದುಪಡಿ ಅಲ್ಲಿಯೂ ಸಾಕು. ಸೊನ್ನೆಯನ್ನು ಲೂಪ್‌ಗೆ ಮೊದಲೇ ಪ್ರತ್ಯೇಕವಾಗಿ ನಿಭಾಯಿಸಿ.

ಪರೀಕ್ಷೆಗೆ ಈ ಆಧಾರದ ಎರಡು ಗುಣಗಳು ಒದಗುತ್ತವೆ. ಸೊನ್ನೆಯಲ್ಲದ ಸಂಖ್ಯೆಯ ಅಂಕಿಗಳ ಎಣಿಕೆ ಬೆಸವಾಗಿದ್ದರೆ ಸಂಖ್ಯೆ ಧನಾತ್ಮಕ, ಸಮವಾಗಿದ್ದರೆ ಋಣಾತ್ಮಕ. ಪ್ರತ್ಯೇಕ ಋಣಚಿಹ್ನೆಯ ಅಗತ್ಯವೇ ಇಲ್ಲದಿರುವುದು, ನನ್ನ ಮಟ್ಟಿಗೆ, ಈ ಪದ್ಧತಿಯ ನಿಜವಾದ ಸೊಗಸು. ಎರಡನೆಯದಾಗಿ, −2 ಅನ್ನು 3ರಿಂದ ಭಾಗಿಸಿದರೆ 1 ಉಳಿಯುವುದರಿಂದ, ದಶಮಾನದಲ್ಲಿ 9ಕ್ಕೆ ಮಾಡುವಂತೆ ಇಲ್ಲಿ ಅಂಕಿಗಳನ್ನು ಕೂಡಿದರೆ 3ರ ಶೇಷ ತಿಳಿಯುತ್ತದೆ. 11101ರ ಮೊತ್ತ 4, ಶೇಷ 1, 13ರದ್ದೂ 1. 110111ರ ಮೊತ್ತ 5, ಶೇಷ 2. −13 ಎಂದರೆ −15 + 2. ಎರಡು ಅಂಕಿಗಳು ಅದಲುಬದಲಾದರೆ ಮೊತ್ತ ಬದಲಾಗದು, ಹಾಗಾಗಿ ಇದನ್ನೊಂದನ್ನೇ ನೆಚ್ಚಬೇಡಿ.

ನಿಮ್ಮ ಸಂಖ್ಯೆಗಳು −170ರಿಂದ 85ರೊಳಗಿದ್ದರೆ ಲೂಪ್ ಇಲ್ಲದ ದಾರಿಯೂ ಇದೆ. 170ರ ದ್ವಿಮಾನ ರೂಪ 10101010. ಸಂಖ್ಯೆಗೆ 170 ಕೂಡಿಸಿ, ಬಂದ ಮೊತ್ತವನ್ನು ಮತ್ತೆ 170ರೊಡನೆ ಬಿಟ್‌ವಾರು ಎಕ್ಸಾರ್ ಮಾಡಿ, ಅಂದರೆ ಒಂದೇ ಸ್ಥಾನದ ಎರಡು ಬಿಟ್‌ಗಳು ಬೇರೆ ಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0 ಬರೆಯಿರಿ. 13 + 170 = 183, ಅಂದರೆ 10110111; ಎಕ್ಸಾರ್ ಮಾಡಿದಾಗ 00011101. ಲೂಪ್ ಕೊಟ್ಟ ಉತ್ತರವನ್ನು ಇದರೊಡನೆ ಆ 256 ಸಂಖ್ಯೆಗಳಿಗೂ ಹೋಲಿಸಿ ನೋಡಿ.