ಲೆಥರ್ಜಿ, ಟಾರ್ಪರ್, ಲ್ಯಾಂಗರ್: ಎಲ್ಲಾ ‘ಆಲಸ್ಯ’ನ ಏನ್ರಿ?

ಪ್ರಶ್ನೆ (ವಿಜಯಪುರ)
ಬ್ಯಾಂಕ್ ಪರೀಕ್ಷಾದ ಇಂಗ್ಲಿಷಿಗೆ ಓದಾಕತ್ತೀನ್ರಿ. ಲೆಥರ್ಜಿ, ಫಟೀಗ್, ಟಾರ್ಪರ್, ಲ್ಯಾಂಗರ್, ಇಂಡೊಲೆನ್ಸ್ ಯಾವ್ದು ನೋಡಿದ್ರೂ ನಿಘಂಟಿನ್ಯಾಗ ‘ಆಲಸ್ಯ, ಜಡತನ’. ಬಿಟ್ಟ ಸ್ಥಳ ತುಂಬೂವಾಗ ಎರಡೆರಡು ಸರಿ ಅನಸ್ತಾವ. ಹೆಂಗ ಬ್ಯಾರೆ ಮಾಡೂದು?

ಉತ್ತರ (ಬಾಗಲಕೋಟೆ)
ವಾಕ್ಯದಾಗ ಬೈಗುಳ ಐತೇನು ಅಂತ ಮೊದಲ ನೋಡ್ರಿ. ಇಂಡೊಲೆನ್ಸ್ ಅಂದ್ರ ಮೈಗಳ್ಳತನ: ತ್ರಾಣ ಐತಿ, ಮಾಡೂ ಮನಸ್ಸಿಲ್ಲ. ಲೆಥರ್ಜಿಗೆ ಹಂಗ ಬೈಯೂ ಧಾಟಿ ಬೇಕಂತಿಲ್ಲ. ರಕ್ತ ಕಡಿಮಿ ಆದಾಗ, ಜ್ವರ ಬಿಟ್ಟ ಮ್ಯಾಲೆ ಮೈಯೂ ಏಳೂದಿಲ್ಲ, ಮನಸ್ಸೂ ಏಳೂದಿಲ್ಲ, ಅದು. ಹಗಲೆಲ್ಲ ಕಬ್ಬು ಕಡದು ಬಂದವ್ರ ದಣಿವು ಫಟೀಗ್. ಅದಕ್ಕ ‘ಇಂಡೊಲೆನ್ಸ್’ ಹಾಕಿದ್ರ ಅರ್ಥನ ಉಲ್ಟಾ.

ಟಾರ್ಪರ್ ಬ್ಯಾರೆ ಜಾತಿ. ಕಾಲಿಗೆ ಜೋಮು ಹಿಡೀತದಲ್ಲ, ಹಂಗ ಇಡೀ ಜೀವಕ್ಕ ಹಿಡಿದಂಗ. ಲ್ಯಾಟಿನ್ ಬೇರಿನ ಅರ್ಥನೂ ಮರಗಟ್ಟೂದು. ಟಾರ್ಪಿಡೊ ಅದೇ ಬೇರಿಂದು: ಮೊದಲ ಕರೆಂಟ್ ಹೊಡಿಯೂ ಮೀನಿನ ಹೆಸರು, ಆಮ್ಯಾಲೆ ಆಯುಧದ್ದು. ಹಮ್ಮಿಂಗ್‌ಬರ್ಡ್ ರಾತ್ರಿ ಮೈಕಾವು ಇಳಿಸಿ ಬಿದ್ದಿರೂದಕ್ಕ ಜೀವಶಾಸ್ತ್ರದಾಗ ಇದೇ ಶಬ್ದ. ವಾಕ್ಯದಾಗ ಬಾವಲಿ, ಮೈಕಾವು ಬಂದ್ರ ಕಣ್ಣು ಮುಚ್ಚಿ ಟಾರ್ಪರ್ ಹಾಕ್ರಿ.

ಉತ್ತರ (ಬೆಳಗಾವಿ)
ಲ್ಯಾಂಗರ್ ಬಿಟ್ರಲ್ರಿ. ಅದರಾಗ ಸ್ವಲ್ಪ ಸುಖಾನೂ ಇರ್ತದ: ಬ್ಯಾಸಗಿ ಮಧ್ಯಾಹ್ನ, ಬೇವಿನ ನೆರಳು, ಹೊರಸಿನ ಮ್ಯಾಲೆ ಅಡ್ಡಾಗಿ ಕೈ ಎತ್ತಾಕೂ ಬ್ಯಾಡ ಅನ್ನೂದು. ಸ್ಪೆಲ್ಲಿಂಗಿನ್ಯಾಗ ‘ಜಿ’ ಆದ ಮ್ಯಾಲೆ ‘ಯು’ ಬರೀಬೇಕು, ಓದಬಾರದು. ಆದ್ರ ಅದೇ ಬೇರಿನ ಲ್ಯಾಂಗ್ವಿಡ್‌ನ್ಯಾಗ ಓದಬೇಕು. ಇಂಗ್ಲಿಷ್ ಅಂದ್ರ ಹಿಂಗ.

ಲಿಸ್ಟ್‌ಲೆಸ್ ನೋಡಿ ‘ಪಟ್ಟಿ ಇಲ್ಲದ’ ಅನ್ಕೋಬ್ಯಾಡ್ರಿ. ಹಳೇ ಇಂಗ್ಲಿಷಿನ್ಯಾಗ ಲಿಸ್ಟ್ ಅಂದ್ರ ಬಯಕೆ. ಯಾವದರ ಮ್ಯಾಲೂ ಮನಸ್ಸಿಲ್ಲದವ ಲಿಸ್ಟ್‌ಲೆಸ್.

ಪ್ರಶ್ನೆ ಕೇಳಿದವರು
ಡಾರ್ಮಂಟ್, ಇನರ್ಷಿಯಾ? ಮತ್ತ ಪ್ಯಾಟ್ಯಾಗ ವ್ಯಾಪಾರ ಇಲ್ಲ ಅನ್ನಾಕ?

ಉತ್ತರ (ಬಾಗಲಕೋಟೆ)
ವ್ಯಾಪಾರ ಮಂದ ಇದ್ರ ಸ್ಲಗ್ಗಿಶ್. ನೀರು ಸಾವಕಾಶ ಇಳಿಯೂ ಗಟಾರಕ್ಕೂ ಅದೇ. ಡಾರ್ಮಂಟಿಗೆ ನಿಮ್ಮ ಕಡೆ ದ್ರಾಕ್ಷಿ ತೋಟಾನ ನೋಡ್ರಿ: ಚಾಟ್ನಿ (ಬಳ್ಳಿ ಕತ್ತರಿಸೂದು) ಆದ ಮ್ಯಾಲೆ ಕಡ್ಡಿ ಒಣಗಿದಂಗ ಕಾಣ್ತದ, ಆದ್ರ ಚಿಗುರು ಒಡೆಯೂ ಕಣ್ಣಿನ್ಯಾಗ ಜೀವ ಐತಿ, ಔಷಧ ಹಚ್ಚಿ ಎಬ್ಬಸ್ತಾರ. ಮುಂದ ಏಳೂದಿದ್ರ ಮಾತ್ರ ಡಾರ್ಮಂಟ್. ಇನರ್ಷಿಯಾ ನಿಂತಿದ್ದಕ್ಕಷ್ಟ ಅಲ್ಲ. ಓಡೂ ಬಸ್ಸಿಗೆ ಬ್ರೇಕ್ ಹಾಕಿದಾಗ ನಾವು ಮುಂದ ಮುಗ್ಗರಸೂದೂ ಇನರ್ಷಿಯಾನ. ಮನುಷ್ಯಾರಿಗೆ ಅಂದಾಗ ಇದ್ದ ರೂಢಿ ಬಿಡಾಕ ಆಗದಿರೂದು.